ಸದಾಶಿವಗಡಕ್ಕೆ ಇಂಟರ್ನೆಟ್ ಬಾರದ ಮೂರು ದಿನ

ಜುಲೈ ಕೊನೆಯ ವಾರ. ಕಾರವಾರದಲ್ಲಿ ಮಳೆ ಬಿಡದೆ ಹೊಯ್ಯುತ್ತಿತ್ತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಐಸ್ ಪ್ಲಾಂಟಿನವರು ರಿಪೇರಿ, ಪೇಂಟು, ವೈರಿಂಗ್ ಎಲ್ಲ ಮಾಡಿಸಿಕೊಳ್ಳುವುದು ಈ ಎರಡು ತಿಂಗಳಲ್ಲೇ. ಬೋಟುಗಳು ಕಡಲಿಗೆ ಇಳಿಯುವ ಮೊದಲು ಐಸ್ ತುಂಬಿಸಿಕೊಳ್ಳಲು ಸಾಲು ನಿಲ್ಲುತ್ತವೆ. ಅಷ್ಟರೊಳಗೆ ಬಿಲ್ಲಿಂಗ್ ಕಂಪ್ಯೂಟರ್ ತಯಾರಿರಬೇಕು.

ನಾನು ಸಣ್ಣ ಆಫೀಸುಗಳಿಗೆ ನೆಟ್‌ವರ್ಕ್ ಹಾಕಿಕೊಡುವವನು. ಈ ಐಸ್ ಪ್ಲಾಂಟಿನವರ ಆಫೀಸು ಇರುವುದು ಕೋಡಿಬಾಗದಲ್ಲಿ. ಪ್ಲಾಂಟು ಕಾಳಿ ನದಿಯ ಆಚೆ ದಡದಲ್ಲಿ, ಸದಾಶಿವಗಡದಲ್ಲಿ. ಎರಡೂ ಕಟ್ಟಡದ ತಾರಸಿಯಿಂದ ಒಂದಕ್ಕೊಂದು ನೇರ ಕಾಣುತ್ತವೆ. ಹಾಗಾಗಿ ನದಿಯ ಮೇಲಿಂದ ವೈರ್‌ಲೆಸ್ ಲಿಂಕ್ ಹಾಕಿದೆ. ಆಚೆ ಒಂದು ಡಿಶ್, ಈಚೆ ಒಂದು ಡಿಶ್. ಫೈಬರ್ ಇಂಟರ್ನೆಟ್ ಮತ್ತು ಫೈರ್‌ವಾಲ್, ಅಂದರೆ ಒಳಗೆ ಹೊರಗೆ ಹೋಗುವ ಡೇಟಾವನ್ನು ಕಾಯುವ ಪೆಟ್ಟಿಗೆ, ಎರಡೂ ಕೋಡಿಬಾಗದಲ್ಲಿ.

ವಿಳಾಸಗಳನ್ನು ಮೊದಲೇ ಹೇಳಿಬಿಡುತ್ತೇನೆ. ಆಫೀಸಿನದು 192.168.10.0/24, ಅಂದರೆ 192.168.10 ಎಂದು ಶುರುವಾಗುವ ವಿಳಾಸಗಳೆಲ್ಲ. ನಡುವಿನ ಲಿಂಕಿಗೆ 10.20.0.0/30, ಅದರಲ್ಲಿ ಫೈರ್‌ವಾಲ್ 10.20.0.1, ಆಚೆಯ ರೂಟರ್ 10.20.0.2. ಸದಾಶಿವಗಡದ ಕಂಪ್ಯೂಟರುಗಳಿಗೆ ಬೇರೆ ಸಬ್‌ನೆಟ್ (ವಿಳಾಸಗಳ ಗುಂಪು), 192.168.30.0/24. 30ನೇ ನೆಟ್‌ವರ್ಕ್ ಬೇಕೆಂದರೆ 10.20.0.2ರ ಕಡೆ ಹೋಗು ಎಂದು ಫೈರ್‌ವಾಲ್‌ಗೆ ರೂಟ್ ಬರೆದಿದ್ದೆ.

ಸದಾಶಿವಗಡದ ಕಂಪ್ಯೂಟರಿನಲ್ಲಿ ಆಫೀಸಿನ ಸರ್ವರ್ ತೆರೆಯಿತು. ಬಿಲ್ಲಿಂಗ್ ಸಾಫ್ಟ್‌ವೇರ್ ತೆರೆಯಿತು. ಪ್ರಿಂಟರ್ ಕೂಡ ಸರಿ. ಬಿಲ್ಲಿಂಗಿನ ಅಕ್ಕ ಮಾತ್ರ ಸ್ಕ್ರೀನ್ ತೋರಿಸಿ ಹೇಳಿದರು, "ತಮ್ಮಾ, ಆಫೀಸಿಂದೆಲ್ಲ ಬರ್ತದೆ. ಹೊರಗಿಂದು ಒಂದೂ ಬರೂದಿಲ್ಲ ನೋಡು."

ಆ ಮಾತಿನಲ್ಲೇ ಅರ್ಧ ಉತ್ತರ ಇತ್ತು. ನಾನು ಅದನ್ನು ಹಿಡಿಯದೆ ತಾರಸಿ ಹತ್ತಿದೆ.

ನೀರಿನ ಮೇಲೆ ಹೋಗುವ ಲಿಂಕ್ ಎಂದರೆ ನಮಗೆ ಮೊದಲಿನಿಂದಲೂ ಅನುಮಾನ ಜಾಸ್ತಿ. ರೇಡಿಯೊ ಅಲೆ ನೇರ ಬರುವುದರ ಜೊತೆಗೆ ನೀರಿಗೆ ಬಡಿದು ಪ್ರತಿಫಲಿಸಿಯೂ ಬರುತ್ತದೆ. ಅವೆರಡು ಒಂದನ್ನೊಂದು ಹಾಳು ಮಾಡಬಹುದು. ಭರತ ಇಳಿತಕ್ಕೆ ನೀರಿನ ಮಟ್ಟ ಬದಲಾದ ಹಾಗೆ ಸಿಗ್ನಲ್ಲೂ ಏರಿಳಿಯುತ್ತದೆ. ಕಾಳಿ ಅಲ್ಲೇ ಕಡಲು ಸೇರುವುದರಿಂದ ಅಲ್ಲಿ ಇದು ಸುಮ್ನೆ ಪುಸ್ತಕದ ಮಾತಲ್ಲ. ಮಳೆಯಲ್ಲಿ ನೆನೆಯುತ್ತಾ ಡಿಶ್ ತಿರುಗಿಸಿದೆ. ಸಿಗ್ನಲ್ ಮೈನಸ್ 58 ಡಿಬಿಎಂ, ಏನೂ ಕೊರತೆಯಿಲ್ಲ. ಭರತದ ಹೊತ್ತಿಗೂ ಇಳಿತದ ಹೊತ್ತಿಗೂ 10.20.0.1ಕ್ಕೆ ಸಾವಿರ ಪಿಂಗ್ (ಇದ್ದೀಯಾ ಎಂದು ಕೇಳಿ ಉತ್ತರ ಕಾಯುವ ಸಣ್ಣ ಸಂದೇಶ) ಕಳಿಸಿದೆ. ಒಂದೂ ಬೀಳಲಿಲ್ಲ. ಅಲ್ಲಿಗೆ ನದಿಯ ಮೇಲಿನ ಅನುಮಾನ ಬಿಟ್ಟೆ, ಆದರೆ ಒಂದು ದಿನ ಹೋಗಿತ್ತು.

ಎರಡನೇ ದಿನ ನನ್ನನ್ನು ದಾರಿ ತಪ್ಪಿಸಿದ್ದು ಒಂದು ಪಿಂಗ್. ಸದಾಶಿವಗಡದ ರೂಟರಿಗೆ ಲಾಗಿನ್ ಆಗಿ ಅಲ್ಲಿಂದ ಇಂಟರ್ನೆಟ್ಟಿನಲ್ಲಿರುವ ಗೂಗಲ್ ಸರ್ವರಿನ ವಿಳಾಸ 8.8.8.8ಕ್ಕೆ ಪಿಂಗ್ ಮಾಡಿದೆ. ಉತ್ತರ ಬಂತು. ಅದರ ಹಿಂದಿನ ಕಂಪ್ಯೂಟರಿನಿಂದ ಮಾಡಿದರೆ ಇಲ್ಲ. ರೂಟರಿಗೆ ಇಂಟರ್ನೆಟ್ ಇದೆ, ಕಂಪ್ಯೂಟರಿಗೆ ಇಲ್ಲ ಎಂದರೆ ತೊಂದರೆ ಅವೆರಡರ ನಡುವೆಯೇ ಅಲ್ವಾ? ಹಾಗಂದುಕೊಂಡು ಕೇಬಲ್ ಬದಲಿಸಿದೆ, ಸ್ವಿಚ್ ಬದಲಿಸಿದೆ, ವಿಂಡೋಸಿನ ಫೈರ್‌ವಾಲ್ ಆಫ್ ಮಾಡಿ ನೋಡಿದೆ. ಏನೂ ಆಗಲಿಲ್ಲ. ದಾರಿಯ ಒಂದೊಂದು ನಿಲ್ದಾಣ ತೋರಿಸುವ ಟ್ರೇಸ್‌ರೂಟ್ ಹಾಕಿದರೆ ಮೊದಲು 192.168.30.1, ಆಮೇಲೆ 10.20.0.1, ಅಲ್ಲಿಂದ ಮುಂದೆ ಬರೀ ನಕ್ಷತ್ರ. ಅಂದರೆ ಪ್ಯಾಕೆಟ್ (ಡೇಟಾದ ಒಂದು ತುಂಡು) ನದಿ ದಾಟಿ ಫೈರ್‌ವಾಲ್ ಮುಟ್ಟುತ್ತಿದೆ. ಫೈರ್‌ವಾಲಿನ ಲಾಗಿನಲ್ಲೂ ಅದಕ್ಕೆ "ಅಲೋ" ಅಂತಲೇ ಇದೆ. ಯಾರೂ ತಡೆಯುತ್ತಿಲ್ಲ, ಆದರೂ ಉತ್ತರವಿಲ್ಲ.

ಸಂಜೆ ಕೋಡಿಬಾಗಕ್ಕೆ ವಾಪಸ್ ಹೊರಟೆ. 2024ರ ಆಗಸ್ಟ್ 7ರಂದು ಕಾಳಿ ನದಿಯ ಹಳೆ ಸೇತುವೆ ಕುಸಿದ ಮೇಲೆ ಹೋಗುವ ಬರುವ ಗಾಡಿಗಳೆಲ್ಲ ಹೊಸ ಸೇತುವೆಗೇ ಬಂದವು. ಲಾರಿಯ ಹಿಂದೆ ನಿಧಾನಕ್ಕೆ ಹೋಗುವಾಗ ತಲೆಗೆ ಹೊಳೆಯಿತು. ರೂಟರ್ ತಾನೇ ಪಿಂಗ್ ಮಾಡುವಾಗ ಯಾವ ವಿಳಾಸ ಹಾಕಿಕೊಂಡು ಕಳಿಸುತ್ತದೆ? ಲಿಂಕಿನ ಕಡೆಯ ವಿಳಾಸ, 10.20.0.2. ಕಂಪ್ಯೂಟರ್ ಕಳಿಸುವುದು 192.168.30.24 ಎಂದು. ಎರಡೂ ಒಂದೇ ದಾರಿಯಲ್ಲಿ ಹೋದರೂ ಫೈರ್‌ವಾಲ್ ಕಣ್ಣಿಗೆ ಅವು ಎರಡು ಬೇರೆ ಊರಿನವರು.

ಮೂರನೇ ದಿನ ಬೆಳಿಗ್ಗೆ ಫೈರ್‌ವಾಲ್ ಮುಂದೆ ಕೂತೆ. ಅಕ್ಕನಿಗೆ ಫೋನ್ ಮಾಡಿ 8.8.8.8ಕ್ಕೆ ಪಿಂಗ್ ಬಿಟ್ಟಿರಲು ಹೇಳಿದೆ. ಲಿಂಕಿನ ಪೋರ್ಟಿನಲ್ಲಿ ಟಿಸಿಪಿಡಂಪ್ ಹಾಕಿದೆ, ಹಾದುಹೋಗುವ ಪ್ಯಾಕೆಟ್ಟುಗಳನ್ನು ತೋರಿಸುವ ಸಾಧನ ಅದು. ಸೆಕೆಂಡಿಗೊಂದು ಸಾಲು ಬರುತ್ತಿದೆ: 192.168.30.24ರಿಂದ 8.8.8.8ಕ್ಕೆ. ಅದು ಸರಿಯೇ. ಆಮೇಲೆ ಇಂಟರ್ನೆಟ್ ಕಡೆಯ ಪೋರ್ಟಿನಲ್ಲಿ ಅದನ್ನೇ ಹಾಕಿದೆ. ಅಲ್ಲೂ ಸೆಕೆಂಡಿಗೊಂದು ಸಾಲು, ಅಲ್ಲೂ 192.168.30.24ರಿಂದ 8.8.8.8ಕ್ಕೆ! ಕೆಳಗೆ ಉತ್ತರದ ಸಾಲು ಇಲ್ಲ. ಪಕ್ಕದ ಆಫೀಸ್ ಕಂಪ್ಯೂಟರಿನಿಂದ ಪಿಂಗ್ ಮಾಡಿದರೆ ಅದೇ ಪೋರ್ಟಿನಲ್ಲಿ ನಮ್ಮ ಪಬ್ಲಿಕ್ ವಿಳಾಸ ಕಾಣುತ್ತದೆ, ಪ್ರತಿ ಸಾಲಿನ ಕೆಳಗೆ ಉತ್ತರವೂ ಕಾಣುತ್ತದೆ.

ಶಾಲೆಯಲ್ಲಿ ಪತ್ರ ಬರೆಯುವಾಗ ಮೇಲೆ "ಇಂದ" ಎಂದು ಬರೆದು ನಮ್ಮ ವಿಳಾಸ ಹಾಕುತ್ತಿದ್ದೆವಲ್ಲ, ಇದೂ ಹಾಗೇ. 192.168, 10, ಮತ್ತು 172.16ರಿಂದ 172.31ರವರೆಗಿನ ವಿಳಾಸಗಳು ಮನೆಯೊಳಗಿನ ಬಳಕೆಗೆ ಮಾತ್ರ. 1996ರ ಆರ್‌ಎಫ್‌ಸಿ 1918ರಲ್ಲಿ ಇದನ್ನು ಬರೆದಿಟ್ಟಿದ್ದಾರೆ. ಊರಲ್ಲಿ ನೂರು ಮನೆಗೆ "ಹಿತ್ತಲ ಕೋಣೆ" ಇರುತ್ತದೆ. ಲಕೋಟೆಯ ಮೇಲೆ ಅಷ್ಟೇ ಬರೆದರೆ ಪೋಸ್ಟಿನವರು ಉತ್ತರ ಎಲ್ಲಿಗೆ ತಂದು ಕೊಡಬೇಕು? ಹೊರಗೆ ಹೋಗುವ ಮೊದಲು ಫೈರ್‌ವಾಲ್ ಆ "ಇಂದ" ವಿಳಾಸ ಅಳಿಸಿ ತನ್ನ ಪಬ್ಲಿಕ್ ವಿಳಾಸ ಬರೆಯಬೇಕು. ಅದೇ ನ್ಯಾಟ್. ಅದು ಆಗುತ್ತಿರಲಿಲ್ಲ.

ನ್ಯಾಟ್ ರೂಲ್ ತೆಗೆದು ನೋಡಿದೆ. ಎರಡೇ ನೆಟ್‌ವರ್ಕ್ ಇದ್ದವು: ಆಫೀಸಿನ 192.168.10.0/24, ಲಿಂಕಿನ 10.20.0.0/30. ಲಿಂಕ್ ಹಾಕಿದ ದಿನ ನಾನೇ ಕೈಯಾರೆ ಸೇರಿಸಿದ್ದು. ಅದರ ಹಿಂದಿನ 30ನೇ ನೆಟ್‌ವರ್ಕ್ ಸೇರಿಸಿರಲಿಲ್ಲ. ರೂಟ್ ಬರೆದಿದ್ದೆ, ಅಲೋ ರೂಲ್ ಬರೆದಿದ್ದೆ, ಇದೊಂದು ಬಿಟ್ಟುಹೋಗಿತ್ತು. ರೂಟರ್‌ಗೆ ಮಾತ್ರ ಇಂಟರ್ನೆಟ್ ಸಿಕ್ಕಿದ್ದೂ ಇದರಿಂದಲೇ.

ಸೇರಿಸಿ ಸೇವ್ ಮಾಡಿದೆ. ಅಕ್ಕ ಫೋನಿನಲ್ಲಿ, "ಇಲ್ಲ ತಮ್ಮಾ, ಹಾಗೇ ಉಂಟು" ಎಂದರು. ಎದೆ ಧಸಕ್ಕೆಂದಿತು. ಆದರೆ ಇದು ತಿಳಿದಿರಬೇಕಾದ ಸಂಗತಿ: ಬಿಡದೆ ಓಡುತ್ತಿರುವ ಪಿಂಗ್‌ಗೆ ಫೈರ್‌ವಾಲ್ ಹಳೆಯ ಸೆಷನ್ನನ್ನೇ (ನಡೆಯುತ್ತಿರುವ ಸಂಪರ್ಕದ ದಾಖಲೆ) ನೆನಪಿಟ್ಟುಕೊಂಡಿರುತ್ತದೆ, ಹೊಸ ರೂಲ್ ಅದಕ್ಕೆ ತಾಗುವುದಿಲ್ಲ. ಆ ಒಂದು ಕಂಪ್ಯೂಟರಿನ ಸೆಷನ್‌ಗಳನ್ನು ಅಳಿಸಿದೆ. ಕೂಡಲೇ ಉತ್ತರ ಬರಲು ಶುರುವಾಯಿತು.

ಆಮೇಲೆ ಹೆಸರಿನ ತೊಂದರೆ. 8.8.8.8 ಸಿಗುತ್ತದೆ, ವೆಬ್‌ಸೈಟಿನ ಹೆಸರು ಹಾಕಿದರೆ ತೆರೆಯುವುದಿಲ್ಲ. ಹೆಸರಿನ ವಿಳಾಸ ಕೇಳುವ ಎನ್‌ಎಸ್‌ಲುಕಪ್ ಹಾಕಿದರೆ "ರೆಫ್ಯೂಸ್ಡ್". ಹೆಸರಿಗೆ ವಿಳಾಸ ಹುಡುಕಿಕೊಡುವ ಫೈರ್‌ವಾಲಿನ ಡಿಎನ್‌ಎಸ್ ಯಾರಿಗೆ ಉತ್ತರ ಕೊಡಬೇಕು ಎಂಬ ಪಟ್ಟಿಯಲ್ಲೂ 30ನೇ ನೆಟ್‌ವರ್ಕ್ ಇರಲಿಲ್ಲ. ಎರಡು ನಿಮಿಷದ ಕೆಲಸ.

ಪರಿಚಯದ ಒಬ್ಬರು ಒಂದು ಸುಲಭ ದಾರಿ ಹೇಳಿದರು: ಸದಾಶಿವಗಡದ ರೂಟರಿನಲ್ಲೇ ನ್ಯಾಟ್ ಹಾಕಿಬಿಡಿ, ಎಲ್ಲ 10.20.0.2 ಹೆಸರಲ್ಲಿ ಬರುತ್ತದೆ. ಇಂಟರ್ನೆಟ್ ಬರುತ್ತಿತ್ತು, ಹೌದು. ಆದರೆ ಆಚೆಯ ಎಲ್ಲ ಕಂಪ್ಯೂಟರುಗಳೂ ಫೈರ್‌ವಾಲಿಗೆ ಒಂದೇ ಆಗಿ ಕಾಣುತ್ತವೆ. ನಾಳೆ ಒಂದಕ್ಕೆ ವೈರಸ್ ಬಂದರೆ ಯಾವುದೆಂದು ಲಾಗಿನಲ್ಲಿ ಹುಡುಕುವುದು ಹೇಗೆ? ಆಫೀಸಿನಿಂದ ಆಚೆಯ ಪ್ರಿಂಟರಿಗೆ ಹೋಗುವುದಕ್ಕೂ ತೊಡಕು. ನ್ಯಾಟ್ ಒಂದೇ ಕಡೆ, ಹೊರಬಾಗಿಲಲ್ಲಿ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎಲ್ಲ ಮುಗಿಯಿತು ಅಂದುಕೊಂಡೆ. ಜುಲೈ 30ಕ್ಕೆ ಮತ್ತೆ ಫೋನ್. ಗೂಗಲ್ ಬರುತ್ತದೆ, ಬ್ಯಾಂಕಿನ ಪುಟ ಸುತ್ತುತ್ತಲೇ ಇದೆ. ಆಫೀಸಿನಲ್ಲಿ ಅದೇ ಪುಟ ಸರಿ.

ಕೆಲವು ಪುಟ ತೆರೆಯುತ್ತವೆ, ಕೆಲವು ಅರ್ಧಕ್ಕೆ ನಿಲ್ಲುತ್ತವೆ ಎಂದರೆ ಪ್ಯಾಕೆಟ್ಟಿನ ಗಾತ್ರ ನೋಡಬೇಕು. ನಮ್ಮ ಫೈಬರ್ ಪಿಪಿಪಿಒಇ (ಕಂಪನಿಗೆ ಲಾಗಿನ್ ಆಗಿ ಸಂಪರ್ಕ ಪಡೆಯುವ ವಿಧಾನ) ಮೇಲೆ ನಡೆಯುತ್ತದೆ. ಅದಕ್ಕೆ 8 ಬೈಟ್ ಹೋಗಿ, ಒಂದು ಪ್ಯಾಕೆಟ್ಟಿನ ಸಾಮಾನ್ಯ ಮಿತಿಯಾದ 1500 ಬೈಟಿನಲ್ಲಿ ಉಳಿಯುವುದು 1492. ತುಂಡು ಮಾಡಬೇಡ ಎಂದು ಹೇಳಿ ಪಿಂಗ್ ಕಳಿಸಿದೆ. 1464 ಬೈಟ್ ಹೋಯಿತು, 1465 ಹೋಗಲಿಲ್ಲ. 1464ಕ್ಕೆ ಹೆಡರಿನ 28 ಸೇರಿಸಿದರೆ ಸರಿಯಾಗಿ 1492. ಬ್ಯಾಂಕಿನ ಸರ್ವರ್ ಇದು ಗೊತ್ತಿಲ್ಲದೆ ದೊಡ್ಡ ಪ್ಯಾಕೆಟ್ ಕಳಿಸುತ್ತದೆ, ಅದು ದಾರಿಯಲ್ಲಿ ಬೀಳುತ್ತದೆ. ಬಿದ್ದ ಸುದ್ದಿಯೂ ಕೆಲವು ಸರ್ವರುಗಳಿಗೆ ಮುಟ್ಟುವುದಿಲ್ಲ. ಸಂಪರ್ಕ ಶುರುವಾಗುವಾಗಲೇ ಫೈರ್‌ವಾಲ್ ನಡುವೆ ಬಂದು ಇಷ್ಟೇ ಕಳಿಸಿ ಎಂದು ಹೇಳಿಸಬೇಕು. 1492ರಲ್ಲಿ ಐಪಿಗೆ 20, ಟಿಸಿಪಿಗೆ 20 ಕಳೆದರೆ 1452. ಒಂದು ಪ್ಯಾಕೆಟ್ಟಿನಲ್ಲಿ ಎಷ್ಟು ಡೇಟಾ ಎಂದು ಹೇಳುವ ಈ ಎಂಎಸ್‌ಎಸ್ ಮಿತಿ ಆಫೀಸಿನ ರೂಲಿನಲ್ಲಿ ಇತ್ತು. ಲಿಂಕಿನ ಕಡೆಯ ರೂಲಿಗೂ ಹಾಕಿದೆ.

ಬ್ಯಾಂಕಿನ ಪುಟ ತೆರೆಯಿತು. ಅಕ್ಕ ಅದನ್ನು ಎರಡು ಸಲ ಮುಚ್ಚಿ ತೆರೆದು ನೋಡಿದರು.

ಈಗ ಹೊಸ ಸಬ್‌ನೆಟ್ ಸೇರಿಸುವಾಗ ರೂಟ್, ಅಲೋ ರೂಲ್, ನ್ಯಾಟ್, ಡಿಎನ್‌ಎಸ್ ಪಟ್ಟಿ, ಎಂಎಸ್‌ಎಸ್ ಈ ಐದನ್ನೂ ಒಂದು ಚೀಟಿಯಲ್ಲಿ ಬರೆದು ಒಂದೊಂದಾಗಿ ಟಿಕ್ ಹಾಕುತ್ತೇನೆ. ಪಿಂಗ್ ಪರೀಕ್ಷೆ ರೂಟರಿನಿಂದ ಮಾಡುವುದಿದ್ದರೆ ಒಳಗಿನ ಕಡೆಯ ವಿಳಾಸವನ್ನೇ, ಇಲ್ಲಿ 192.168.30.1, ಆರಿಸಿ ಕಳಿಸುತ್ತೇನೆ. ಆ ಚೀಟಿ ಕೋಡಿಬಾಗದ ರ‍್ಯಾಕಿನ ಬಾಗಿಲ ಒಳಗೆ ಅಂಟಿಸಿದ್ದೇನೆ, ಮಳೆಗಾಲದ ತೇವಕ್ಕೆ ಹಾಳಾಗದ ಹಾಗೆ ಪ್ಲಾಸ್ಟಿಕ್ ಹಾಕಿ.