ಗ್ವಾಡಲೂಪ್ ಹೊಳೆ ದಂಡೆಯಲ್ಲಿ ಮತ್ತೆ ಗಾಳ ಹಿಡಿದೆ

ತೀರ್ಥಹಳ್ಳಿಯಲ್ಲಿ ಬಿದಿರು ಗಳಕ್ಕೆ ದಾರ ಕಟ್ಟಿ ತುಂಗೆಗೆ ಗಾಳ ಹಾಕುತ್ತಾ ಬೆಳೆದವನು ನಾನು. ಟೆಕ್ಸಸ್‌ನ ಸ್ಯಾನ್ ಆಂಟೋನಿಯೋಗೆ ಬಂದ ಮೇಲೆ ಲೈಸೆನ್ಸಿನ ಗೊಡವೆ ಬೇಡವೆಂದು ವರ್ಷಗಟ್ಟಲೆ ಗಾಳ ಮುಟ್ಟಲಿಲ್ಲ. ಇಲ್ಲಿನ ಸ್ಟೇಟ್ ಪಾರ್ಕುಗಳ ಒಳಗೆ ದಂಡೆಯಲ್ಲಿ ನಿಂತು ಮೀನು ಹಿಡಿಯಲು ಲೈಸೆನ್ಸೇ ಬೇಡ ಅಂತ ಗೊತ್ತಾಗಿದ್ದು ತಡವಾಗಿ. ಎಷ್ಟು ಮೀನು, ಎಷ್ಟು ಉದ್ದದ್ದು ಇಟ್ಟುಕೊಳ್ಳಬಹುದು ಅನ್ನೋ ನಿಯಮ ಮಾತ್ರ ಅಲ್ಲೂ ಉಂಟು.

ಹೋದ ಅಕ್ಟೋಬರಿನಲ್ಲಿ ಮಗಳನ್ನು ಕರೆದುಕೊಂಡು ಗ್ವಾಡಲೂಪ್ ರಿವರ್ ಸ್ಟೇಟ್ ಪಾರ್ಕಿಗೆ ಹೋದೆ. ಬೇಸಿಗೆಯಲ್ಲಿ ಹೊಳೆ ತುಂಬ ಟ್ಯೂಬಿನ ಮೇಲೆ ತೇಲುವವರೇ, ಗಾಳಕ್ಕೆ ಜಾಗವಿರಲ್ಲ. ಶನಿವಾರ, ಭಾನುವಾರಕ್ಕೆ ಮೊದಲೇ ಬುಕ್ ಮಾಡದಿದ್ದರೆ ಟೆಂಟಿಗೂ ಜಾಗ ಸಿಗೋದು ಕಷ್ಟ. ನಾವು ಟೆಂಟಿಗೆ ಜಾಗ ಹಿಡಿದದ್ದು ವ್ಯಾಗನ್ ಫೋರ್ಡ್ ಅನ್ನೋ ಕಡೆ. ಕಾರು ನಿಲ್ಲಿಸಿ ಸಾಮಾನು ಹೊತ್ತು ನಡೆಯಬೇಕು.

ನೀರಿನ ಪಕ್ಕದಲ್ಲೇ ಮಲಗೋಣ ಅಂತ ಮಗಳ ಹಟ. ನಾನು ಒಪ್ಪಲಿಲ್ಲ. 2025ರ ಜುಲೈ 4ರ ಬೆಳಗಿನ ಜಾವ ಇದೇ ಹೊಳೆ ಮೇಲ್ಗಡೆ ಕೆರ್ ಕೌಂಟಿಯಲ್ಲಿ ಮುಕ್ಕಾಲು ಗಂಟೆಯಲ್ಲಿ ಸುಮಾರು 26 ಅಡಿ ಏರಿತ್ತು. ನೂರಕ್ಕೂ ಹೆಚ್ಚು ಜನ ತೀರಿಹೋದರು, ಅದರಲ್ಲಿ ಎಷ್ಟೋ ಮಕ್ಕಳು. ಸುಣ್ಣಕಲ್ಲಿನ ಗುಡ್ಡ, ಮೇಲೆ ತೆಳು ಮಣ್ಣು. ಬಿದ್ದ ಮಳೆ ಇಂಗದೆ ನೇರ ಹೊಳೆಗೇ ಇಳಿಯುತ್ತೆ. ಈಗ ಹೊಳೆ ದಂಡೆಗೆ ಹೊರಡುವ ಮುಂಚೆ ಮೇಲಿನ ಊರುಗಳ ಮಳೆಯನ್ನೂ ನೋಡುತ್ತೇನೆ.

ಮೊದಲ ಸಂಜೆ ನಡುಹೊಳೆಗೆ ಎಸೆದು ಎಸೆದು ಕೈ ಸೋತಿತು, ಒಂದೂ ಕಚ್ಚಲಿಲ್ಲ. ಮರುದಿನ ಬೆಳಕು ಹರಿಯುವಾಗ ತುಂಗೆಯ ಪಾಠ ನೆನಪಾಯಿತು: ಮೀನು ಸೆಳವಿನಲ್ಲಿ ನಿಲ್ಲಲ್ಲ, ಸೆಳವಿನ ಅಂಚಲ್ಲಿ ಕಾಯುತ್ತೆ. ಇಲ್ಲಿ ದಂಡೆಯುದ್ದಕ್ಕೂ ಸೈಪ್ರೆಸ್ ಮರಗಳು. ಬೇರು ನೀರೊಳಗೆ ಇಳಿದ ಕಡೆ ಹರಿವು ಸುತ್ತು ಹಾಕಿ ನಿಧಾನವಾಗುತ್ತೆ. ಸಣ್ಣ ಕೊಕ್ಕೆಗೆ ಅರ್ಧ ಎರೆಹುಳು ಚುಚ್ಚಿ, ಒಂದೇ ಸೀಸದ ಗುಂಡು ಹಾಕಿ, ಬೆಂಡನ್ನು ಎರಡಡಿ ಮೇಲೆ ಕಟ್ಟಿ ಆ ಸುತ್ತಿಗೆ ತೇಲಿಬಿಟ್ಟೆ. ಬೆಂಡು ಎರಡು ಸಲ ನಡುಗಿತು, ಮೂರನೇ ಸಲಕ್ಕೆ ಓರೆಯಾಗಿ ಮುಳುಗಿತು.

ಬಂದದ್ದು ಅಂಗೈಯಗಲದ ಸನ್‌ಫಿಶ್. ಹೊತ್ತೇರುವುದರೊಳಗೆ ಆರು ಸಿಕ್ಕವು. ಏಳನೆಯದು ಹಸಿರು ಮೈಯ ಗ್ವಾಡಲೂಪ್ ಬ್ಯಾಸ್, ಟೆಕ್ಸಸ್ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲದ ಮೀನು. 1989ರಿಂದ ರಾಜ್ಯದ ಮೀನೂ ಅದೇ. ಹೊರಗಿನಿಂದ ತಂದು ಬಿಟ್ಟ ಸ್ಮಾಲ್‌ಮೌತ್ ಬ್ಯಾಸ್ ಜೊತೆ ತಳಿ ಬೆರೆತು ಅಪ್ಪಟ ಕುಲವೇ ಕಡಿಮೆಯಾಗಿದೆ. ಅದನ್ನು ತಿನ್ನಲು ನನಗೆ ಮನಸ್ಸು ಬರಲ್ಲ. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿ ಚಪ್ಪಟೆ ಮಾಡಿಟ್ಟಿದ್ದೆ, ಸಲೀಸಾಗಿ ಕಳಚಿತು. ಮಗಳಿಗೆ ಕೈ ಒದ್ದೆ ಮಾಡಿಕೊಂಡು ಹಿಡಿ ಅಂದೆ. ಒಣಗೈಗೆ ಅದರ ಮೈಯ ಲೋಳೆ ಕಿತ್ತು ಬರುತ್ತೆ. ನೀರೊಳಗೇ ಹಿಡಿದುಕೊಂಡಳು. ಕಿವಿರು ನಾಲ್ಕು ಸಲ ಆಡಿತು, ಬಾಲ ಬೀಸಿ ಹೋಯಿತು.

ಸನ್‌ಫಿಶ್‌ಗೆ ಉಪ್ಪು, ಖಾರ, ಅರಿಶಿನ ಸವರಿ ಗ್ಯಾಸ್ ಸ್ಟವ್ ಮೇಲೆ ಹುರಿದೆವು. ಪಾರ್ಕಿನಲ್ಲಿ ಸೌದೆ ಆಯುವ ಹಾಗಿಲ್ಲ, ಒಣ ದಿನಗಳಲ್ಲಿ ಬೆಂಕಿ ಹಾಕುವುದೂ ನಿಷೇಧ. ಕರುಳನ್ನೆಲ್ಲ ಚೀಲಕ್ಕೆ ಕಟ್ಟಿ ಕಸದ ತೊಟ್ಟಿಗೆ ಹಾಕಿದೆ, ಉಳಿದ ಊಟ ಕಾರೊಳಗೆ. ಇಲ್ಲದಿದ್ದರೆ ರಾತ್ರಿ ರಕೂನ್ ಅನ್ನೋ ಕಾಡುಪ್ರಾಣಿಗಳು ಬರುತ್ತವೆ.

ಅಂಗಡಿಯಿಂದ ತಂದ ಎರೆಹುಳು ಅರ್ಧ ಡಬ್ಬಿ ಉಳಿದಿತ್ತು. ಅವು ಅಲ್ಲಿನ ಮಣ್ಣಿನವಲ್ಲ, ಅಲ್ಲಿ ಚೆಲ್ಲಬಾರದು. ಮನೆಗೆ ತಂದು ಕರಿಬೇವಿನ ಕುಂಡಕ್ಕೆ ಹಾಕಿದೆವು.