ಮಗಳ ವೀಸಾಗಿಂತ ಮೊದಲು ಅವಳ ಅಪ್ಪನ ಸಹಿ

2019ರಲ್ಲಿ ನನಗೂ ಮಗಳ ಅಪ್ಪನಿಗೂ ಮೈಸೂರಿನಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಆಯಿತು. 2022ರಲ್ಲಿ ನಾನು ಮತ್ತೆ ಮದುವೆಯಾದೆ. ಇವರು ಹಾಸನದ ಕಡೆಯವರು. ಕೆನಡಾದ ಒಂಟಾರಿಯೊದಲ್ಲಿ ಕೆಲಸ, ಅಲ್ಲಿನ ಪಿ.ಆರ್. (ಕಾಯಂ ಆಗಿ ನೆಲೆಸುವ ಅನುಮತಿ) ಇದೆ. ಮಗಳಿಗೆ ಆಗ 9 ವರ್ಷ. ಅವಳನ್ನು ಕರೆದುಕೊಂಡೇ ಹೋಗಬೇಕು, ಬಿಟ್ಟು ಹೋಗುವ ಮಾತೇ ಇಲ್ಲ ಅಂತ ನಾವಿಬ್ಬರೂ ಮದುವೆಗೆ ಮೊದಲೇ ತೀರ್ಮಾನ ಮಾಡಿದ್ದೆವು.

"ಕಸ್ಟಡಿ ನಿನ್ನ ಹತ್ರಾನೇ ಇದೆಯಲ್ಲ, ಇನ್ನೇನು ತೊಂದರೆ?" ಅಂತ ಎಲ್ಲರೂ ಕೇಳುತ್ತಿದ್ದರು. ನನಗೂ ಹಾಗೇ ಅನಿಸಿತ್ತು. ಒಂದು ರಾತ್ರಿ ಬೀರುವಿನಿಂದ ಡಿಕ್ರಿ, ಅಂದರೆ ವಿಚ್ಛೇದನದ ಕೋರ್ಟ್ ಆದೇಶ, ತೆಗೆದು ಓದಿದೆ. ಮಗು ಅಮ್ಮನ ಹತ್ತಿರ ಇರಬೇಕು, ಸರಿ. ತಿಂಗಳಿಗೆ ಎರಡು ಭಾನುವಾರ ಅಪ್ಪನ ಭೇಟಿ, ಅದೂ ಸರಿ. ಅದರ ಕೆಳಗೆ ಇನ್ನೊಂದು ಸಾಲು ಇತ್ತು. ಕೋರ್ಟಿನ ಅನುಮತಿ ಇಲ್ಲದೆ ಮಗುವನ್ನು ದೇಶದ ಹೊರಗೆ ಕರೆದುಕೊಂಡು ಹೋಗುವಂತಿಲ್ಲ. ನಾನೇ ಸಹಿ ಹಾಕಿದ ಕಾಗದ ಅದು. ಸಹಿ ಹಾಕುವ ದಿನ ಆ ಸಾಲು ಕಣ್ಣಿಗೇ ಬಿದ್ದಿರಲಿಲ್ಲ.

ಕೆನಡಾ ಕಡೆಯ ಕೆಲಸ ನಾನು ಹೆದರಿದ್ದಷ್ಟು ಕಷ್ಟ ಇರಲಿಲ್ಲ. ಗಂಡ ನನ್ನನ್ನು ಸ್ಪಾನ್ಸರ್ ಮಾಡಿದಾಗ, ಅಂದರೆ ಹೆಂಡತಿ ಅಂತ ಅಲ್ಲಿಗೆ ಕರೆಸಿಕೊಳ್ಳಲು ಅರ್ಜಿ ಹಾಕಿದಾಗ, ಮಗಳು ನನ್ನ ಅವಲಂಬಿತ ಮಗುವಾಗಿ ಅದೇ ಅರ್ಜಿಯಲ್ಲಿ ಸೇರುತ್ತಾಳೆ. 22 ವರ್ಷ ತುಂಬಿರಬಾರದು, ಮದುವೆ ಆಗಿರಬಾರದು, ಅಷ್ಟೇ. ಸಂಬಂಧಿಕರು "ಅವರು ದತ್ತು ತಗೊಂಡುಬಿಡಲಿ, ಸಲೀಸಾಗುತ್ತೆ" ಅಂದರು. ದತ್ತು ಬೇಕಾಗಿಯೇ ಇಲ್ಲ. ಆ ದಾರಿ ಹಿಡಿದಿದ್ದರೆ ಹೆತ್ತ ಅಪ್ಪ ತನ್ನ ಹಕ್ಕನ್ನೇ ಬಿಟ್ಟುಕೊಡಬೇಕಾಗುತ್ತಿತ್ತು. ಅದನ್ನು ಕೇಳುವುದೇ ತಪ್ಪು ಅಂತ ನನಗೂ ನನ್ನ ಗಂಡನಿಗೂ ಅನಿಸಿತು. ಮಗಳು ಇವರನ್ನು 'ಪಪ್ಪ' ಅನ್ನುತ್ತಾಳೆ, ಅವರನ್ನು 'ಅಪ್ಪ'. 'ಮಲಮಗಳು' ಅನ್ನುವ ಮಾತು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ.

ಇನ್ನೊಂದು ಸಲಹೆಯೂ ಬಂತು. "ಮೊದಲು ನೀನೊಬ್ಬಳೇ ಹೋಗು, ಅರ್ಜಿಯಲ್ಲಿ ಮಗು ಹೆಸರೇ ಹಾಕಬೇಡ, ಆಮೇಲೆ ಕರೆಸಿಕೋ." ಇದನ್ನು ಮಾತ್ರ ಯಾರೂ ಕೇಳಬೇಡಿ. ಮಗು ಜೊತೆಗೆ ಬರಲಿ ಬಿಡಲಿ, ಮಾಜಿ ಗಂಡನ ಹತ್ತಿರವೇ ಇರಲಿ, ಹೆಸರು ತೋರಿಸಲೇಬೇಕು, ಮೆಡಿಕಲ್ ಮಾಡಿಸಲೇಬೇಕು. ಮುಚ್ಚಿಟ್ಟ ಮಗುವನ್ನು ಮುಂದೆ ಸ್ಪಾನ್ಸರ್ ಮಾಡುವುದಕ್ಕೆ ಅಲ್ಲಿನ ವಲಸೆ ನಿಯಮವೇ ಅಡ್ಡ ಬರುತ್ತದೆ. 2019ರ ನಂತರ ಕೆಲವರಿಗೆ ಸ್ವಲ್ಪ ರಿಯಾಯಿತಿ ಕೊಟ್ಟಿದ್ದಾರೆ. ಆದರೆ ಅದನ್ನು ನಂಬಿಕೊಂಡು ಮಗುವಿನ ಹೆಸರು ಬಿಡುವುದು ಬೇಡ.

ಜೊತೆಗೆ ಬರದ ತಂದೆ ಅಥವಾ ತಾಯಿ ತುಂಬಬೇಕಾದ ಫಾರಂ ಒಂದಿದೆ, ಐಎಂಎಂ 5604. "ನನ್ನ ಮಗು ಕೆನಡಾಕ್ಕೆ ವಲಸೆ ಹೋಗುವುದಕ್ಕೆ ನನ್ನ ಒಪ್ಪಿಗೆ ಇದೆ" ಅಂತ ನೋಟರಿ ಮುಂದೆ ಸಹಿ ಹಾಕಬೇಕು, ಜೊತೆಗೆ ಸಹಿ ಇರುವ ಫೋಟೋ ಐಡಿಯ ನಕಲು ಕೊಡಬೇಕು. ಎರಡು ಪುಟವೂ ಇರಲಿಕ್ಕಿಲ್ಲ. ನನ್ನ ಇಡೀ ವರ್ಷ ತಿಂದಿದ್ದು ಅದೇ.

ಯಾಕೆಂದರೆ ಶುರುವಿನಲ್ಲೇ ತಪ್ಪು ಮಾಡಿದೆ. ಮಗಳ ಅಪ್ಪನ ಹತ್ತಿರ ಮಾತಾಡುವ ಬದಲು ವಕೀಲರಿಂದ ನೋಟಿಸ್ ಕಳಿಸಿದೆ. ಇಷ್ಟು ದಿನದೊಳಗೆ ಒಪ್ಪಿಗೆ ಕೊಡಿ, ಇಲ್ಲದಿದ್ದರೆ ಕೋರ್ಟಿಗೆ ಹೋಗುತ್ತೇವೆ ಅನ್ನುವ ಧಾಟಿ. ಅವರ ವಕೀಲರಿಂದ ಉತ್ತರ ಬಂತು: ಒಪ್ಪಿಗೆ ಇಲ್ಲ. ಆಮೇಲೆ 5 ತಿಂಗಳು ಯಾರದೂ ಮಾತಿಲ್ಲ.

ಕೊನೆಗೆ ಒಂದು ಭಾನುವಾರ ಮಗಳನ್ನು ಬಿಡುವುದಕ್ಕೆ ಹೋದಾಗ ಅತ್ತೆಯೇ ಕರೆದರು. ಹಳೆಯ ಅತ್ತೆ ಅನ್ನಬೇಕೇನೋ, ನಾನು ಇವತ್ತಿಗೂ ಅತ್ತೆ ಅಂತಲೇ ಕರೆಯುವುದು. "ಒಳಗೆ ಬಾ, ಕಾಫಿ ಕುಡಿದು ಹೋಗು" ಅಂದರು. ಮಗಳ ಅಪ್ಪ ಹಜಾರದಲ್ಲಿ ಕೂತಿದ್ದರು. ನನ್ನ ಮುಖ ನೋಡದೆ ಕೇಳಿದರು: "ಅಲ್ಲಿಂದ ನೀನು ಕಳಿಸದೇ ಇದ್ರೆ ನಾನು ಎಲ್ಲಿ ಅಂತ ಕೇಳಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಭಯ ಸುಮ್ನೆ ಹುಟ್ಟಿದ್ದಲ್ಲ. ಮಕ್ಕಳನ್ನು ಬೇರೆ ದೇಶಕ್ಕೆ ಕರೆದುಕೊಂಡು ಹೋಗಿ ಉಳಿಸಿಕೊಂಡರೆ ವಾಪಸ್ ಕಳಿಸುವುದಕ್ಕೆ 1980ರ ಹೇಗ್ ಒಪ್ಪಂದ ಇದೆ. ಅದಕ್ಕೆ ಕೆನಡಾ ಸೇರಿದೆ, ಭಾರತ ಸೇರಿಲ್ಲ. ಮೈಸೂರಿನಲ್ಲಿ ಕೂತ ಅಪ್ಪನಿಗೆ ಹಿಡಿದುಕೊಳ್ಳಲು ಇರುವುದು ಇಲ್ಲಿನ ಕೋರ್ಟಿನ ಆದೇಶ ಮಾತ್ರ. ನಾನು ಕೇಳುತ್ತಿದ್ದದ್ದು ಒಂದು ಸಹಿ. ಆ ಸಹಿ ಹಾಕಿದ ಮೇಲೆ ಅವರ ಕೈಯಲ್ಲಿ ಏನು ಉಳಿಯುತ್ತದೆ ಅಂತ ನಾನು ಒಂದು ಸಲವೂ ಹೇಳಿರಲಿಲ್ಲ.

ಆ ವಾರ ಕೂತು ಬರೆದೆ. ಪ್ರತಿ ಭಾನುವಾರ ವಿಡಿಯೋ ಕಾಲ್, ಟೊರೊಂಟೊ ಬೆಳಗ್ಗೆ 7.30ಕ್ಕೆ, ಅಂದರೆ ಇಲ್ಲಿ ಸಂಜೆ 5ಕ್ಕೆ. ಅಲ್ಲಿ ಚಳಿಗಾಲಕ್ಕೆ ಗಡಿಯಾರ ಹಿಂದೆ ತಿರುಗಿಸಿದ ಮೇಲೆ ಇಲ್ಲಿ 6ಕ್ಕೆ. ಜುಲೈ, ಆಗಸ್ಟ್ ಶಾಲೆ ರಜದಲ್ಲಿ ಒಂದು ತಿಂಗಳು ಮಗಳು ಅಜ್ಜಿ ಮನೆಯಲ್ಲಿ, ಟಿಕೆಟ್ ಖರ್ಚು ನಮ್ಮದು. ಶಾಲೆಯ ರಿಪೋರ್ಟ್ ಅವರಿಗೂ ಹೋಗಬೇಕು. ಆಸ್ಪತ್ರೆಗೆ ಸೇರಿಸುವಂಥದ್ದೇನಾದರೂ ಆದರೆ ಅದೇ ದಿನ ತಿಳಿಸಬೇಕು. ನಮ್ಮ ಮನೆ ವಿಳಾಸ ಬದಲಾದರೂ ತಿಳಿಸಬೇಕು. ಇದನ್ನೆಲ್ಲ ಬಾಯಿ ಮಾತಲ್ಲಿ ಬಿಡದೆ ಕೋರ್ಟಿನ ಆದೇಶದಲ್ಲೇ ಸೇರಿಸೋಣ ಅಂತ ನಾನೇ ಹೇಳಿದೆ. ಅವರು ಎರಡು ದಿನ ಇಟ್ಟುಕೊಂಡು ಓದಿ, ಅಜ್ಜಿ ಜೊತೆಗೂ ಬೇರೆಯಾಗಿ ಮಾತಾಡಿಸಬೇಕು ಅಂತ ಪೆನ್ಸಿಲ್‌ನಲ್ಲಿ ಒಂದು ಸಾಲು ಸೇರಿಸಿ ವಾಪಸ್ ಕೊಟ್ಟರು.

ಡಿಕ್ರಿ ಆದ ಮೇಲೂ ಮಗುವಿನ ವಿಷಯದ ಆದೇಶ ಬದಲಿಸಲು ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಲ್ಲಿ ಅವಕಾಶ ಇದೆ. ಇಬ್ಬರೂ ಸೇರಿ ಅರ್ಜಿ ಹಾಕಿದ್ದರಿಂದ ಹೆಚ್ಚು ಎಳೆದಾಡಲಿಲ್ಲ. ನ್ಯಾಯಾಧೀಶರು ಮಗಳನ್ನು ಚೇಂಬರಿಗೆ ಒಬ್ಬಳನ್ನೇ ಕರೆಸಿ ಮಾತಾಡಿದರು. ಏನು ಕೇಳಿದರು ಅಂತ ನಾವು ಕೇಳಲಿಲ್ಲ. ಅವಳಾಗಿಯೇ ಹೇಳಿದ್ದು ಇಷ್ಟು: "ರಜಕ್ಕೆ ಬರ್ತೀನಿ ಅಲ್ವಾ ಅಂತ ನಾನೇ ಅವರನ್ನ ಕೇಳ್ದೆ."

ಆದೇಶದ ಸರ್ಟಿಫೈಡ್ ಕಾಪಿ ಜಾಸ್ತಿಯೇ ತೆಗೆಸಿಕೊಳ್ಳಿ. ನಾನು ನಾಲ್ಕು ತೆಗೆಸಿದೆ, ನಾಲ್ಕೂ ಉಪಯೋಗಕ್ಕೆ ಬಂದವು.

ನೋಟರಿ ದಿನ ಇನ್ನೊಂದು ಎಡವಟ್ಟಾಯಿತು. ಮಗಳ ಅಪ್ಪ ಫಾರಂನ ಪ್ರತಿ ಸಾಲನ್ನೂ ಬೆರಳಿಟ್ಟು ಓದಿ, ಇಂಗ್ಲಿಷಿನಲ್ಲಿ ಸಹಿ ಹಾಕಿದರು. ಸೀಲೂ ಬಿತ್ತು. ಆಮೇಲೆ ಐಡಿಯಾಗಿ ಕೊಡಬೇಕಿದ್ದ ಪ್ಯಾನ್ ಕಾರ್ಡ್ ಪಕ್ಕದಲ್ಲಿಟ್ಟು ನೋಡಿದರೆ ಅದರಲ್ಲಿ ಕಾಲೇಜು ದಿನಗಳ ಕನ್ನಡ ಸಹಿ! ಹೊಸ ಫಾರಂ ಪ್ರಿಂಟ್ ಹಾಕಿಸಲು ನಾನು ಜೆರಾಕ್ಸ್ ಅಂಗಡಿಗೆ ಓಡಿದೆ. ಬರುವಷ್ಟರಲ್ಲಿ ಅವರು ಒಂದು ಹಾಳೆಯ ಮೇಲೆ ಆ ಹಳೆಯ ಸಹಿಯನ್ನು ಹತ್ತು ಹದಿನೈದು ಸಲ ಬರೆದು ಅಭ್ಯಾಸ ಮಾಡುತ್ತಿದ್ದರು. ಬೇಡ ಅಂದುಕೊಂಡಿದ್ದರೆ ಅಷ್ಟು ಹೊತ್ತಿನಲ್ಲಿ ಎದ್ದು ಹೋಗಬಹುದಿತ್ತು. ಅದನ್ನು ನಾನು ಮರೆಯುವುದಿಲ್ಲ.

ಅದೇ ದಿನ ಪಾಸ್‌ಪೋರ್ಟ್ ನವೀಕರಣದ ಅನೆಕ್ಸರ್ ಡಿಗೂ ಅವರ ಸಹಿ ತೆಗೆದುಕೊಂಡೆ. ಚಿಕ್ಕ ಮಕ್ಕಳ ಪಾಸ್‌ಪೋರ್ಟ್‌ಗೆ ಅಪ್ಪ ಅಮ್ಮ ಇಬ್ಬರೂ ಒಪ್ಪಿ ಕೊಡುವ ಹೇಳಿಕೆ ಅದು. ಒಬ್ಬರೇ ಕೊಡುವ ಅನೆಕ್ಸರ್ ಸಿ ಕೂಡ ಇದೆ, ಆದರೆ ಒಪ್ಪಿಗೆ ಇರುವಾಗ ಆ ದಾರಿ ಯಾಕೆ? ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಮೊದಲಿನದೇ ಇದೆ. ಇವರ ಹೆಸರಿಗೆ ಬದಲಿಸಬೇಕು ಅಂತ ಕೆನಡಾದವರು ಕೇಳಲೇ ಇಲ್ಲ. ಮಗಳಿಗೆ 14 ತುಂಬಿರಲಿಲ್ಲವಾದ್ದರಿಂದ ಬಯೋಮೆಟ್ರಿಕ್ ಕೂಡ ಬೇಕಾಗಲಿಲ್ಲ.

ಹೊರಡುವ ದಿನ ಆದೇಶದ ಕಾಪಿ, ಅವರ ಒಪ್ಪಿಗೆ ಪತ್ರ, ಜನನ ಪ್ರಮಾಣಪತ್ರ ಮೂರನ್ನೂ ಕೈಚೀಲದಲ್ಲೇ ಇಟ್ಟುಕೊಂಡೆ. ಸೂಟ್‌ಕೇಸ್‌ಗೆ ಹಾಕಬೇಡಿ. ಬೆಂಗಳೂರಿನ ಇಮಿಗ್ರೇಷನ್ ಕೌಂಟರಿನಲ್ಲಿ "ಮಗುವಿನ ತಂದೆ ಎಲ್ಲಿ?" ಅಂತ ಕೇಳಿದರು. ಕಾಗದ ಕೊಟ್ಟೆ, ಓದಿದರು, ಮುದ್ರೆ ಹಾಕಿದರು.

ಪ್ರತಿ ವರ್ಷ ನವೆಂಬರಿನಲ್ಲಿ ಇಲ್ಲಿ ಕೆನಡಾದಲ್ಲಿ ಗಡಿಯಾರ ತಿರುಗಿಸುವ ವಾರ ಅವರಿಗೆ ನಾನೇ ಮೆಸೇಜ್ ಹಾಕುತ್ತೇನೆ: "ಈ ಭಾನುವಾರದಿಂದ ಸಂಜೆ 6ಕ್ಕೆ. ಅತ್ತೆಗೂ ಹೇಳಿ."