ಎರಡು ಸಾವಿರ ರೂಪಾಯಿಯೊಳಗೆ ತಂಬೂರಿಯ ನಾದ: ನಾನು ಇಯರ್‌ಫೋನ್ ಆರಿಸಿದ ಬಗೆ

ಹಿಂದೂಸ್ತಾನಿ ಗಾಯನ ಕಲಿಯುವವರಿಗೆ ಹಾಡುವುದರಷ್ಟೇ ಕೇಳುವುದೂ ಅಭ್ಯಾಸ. ಮನೆಯವರೆಲ್ಲ ಮಲಗಿದ ಮೇಲೆ ಹಿರಿಯರ ಧ್ವನಿಮುದ್ರಣಗಳನ್ನು ಕೇಳಲು ನನಗೊಂದು ಹೆಡ್‌ಫೋನ್ ಬೇಕಾಗಿತ್ತು. ಅದಕ್ಕೆ ನಾನು ಕೊಡಬಲ್ಲ ಹಣ ಎರಡು ಸಾವಿರ ರೂಪಾಯಿ ಮಾತ್ರ. ಅಷ್ಟರಲ್ಲಿ ಒಳ್ಳೆಯ ನಾದ ಸಿಗುವುದಿಲ್ಲ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಸಿಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಂದ್ರದಿಂದ ತಾರದವರೆಗಿನ ಸ್ವರಗಳನ್ನು ಹೆಡ್‌ಫೋನ್ ಯಾವ ಪ್ರಮಾಣದಲ್ಲಿ ನುಡಿಸುತ್ತದೆ ಎಂಬುದಕ್ಕೂ ಅದರ ಬೆಲೆಗೂ ಸಂಬಂಧ ಕಂಡುಬರಲಿಲ್ಲ. ಈ ವಿಷಯ ತಿಳಿದ ಮೇಲೆ, ಹಣ ಕಡಿಮೆಯೆಂಬ ಚಿಂತೆಯನ್ನು ಬಿಟ್ಟು ಆಯ್ಕೆಯ ಕ್ರಮದ ಕಡೆಗೆ ಗಮನ ಕೊಟ್ಟೆ.

ಮೊದಲು ಮಾಡಿದ ಕೆಲಸ, ನನಗೆ ಬೇಡವಾದುದನ್ನು ಬಿಟ್ಟದ್ದು. ವೈರ್‌ಲೆಸ್ ಇಯರ್‌ಬಡ್‌ನ ಬೆಲೆಯಲ್ಲಿ ಎರಡು ಬ್ಯಾಟರಿ, ರೇಡಿಯೊ ಚಿಪ್, ಮೈಕ್, ಚಾರ್ಜಿಂಗ್ ಡಬ್ಬಿ ಎಲ್ಲವೂ ಪಾಲು ಪಡೆಯುತ್ತವೆ. ನಾದ ಹೊರಡಿಸುವ ಡ್ರೈವರ್‌ಗೆ ಉಳಿಯುವುದು ಅಲ್ಪ. ಬ್ಯಾಟರಿಯ ಶಕ್ತಿ ಕುಂದಿದಾಗ ಇಡೀ ವಸ್ತುವೇ ನಿರುಪಯುಕ್ತವಾಗುತ್ತದೆ. ನನ್ನಂಥವರಿಗೆ ಇನ್ನೊಂದು ತೊಡಕೂ ಇದೆ. ತಾಳದ ಆ್ಯಪ್ ಹಚ್ಚಿ, ಅದರೊಂದಿಗೆ ಹಾಡಿ, ಅದೇ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡರೆ, ಬ್ಲೂಟೂತ್‌ನ ವಿಳಂಬದಿಂದಾಗಿ ನಮ್ಮ ಹಾಡು ಠೇಕಾದ ಹಿಂದೆ ಬಿದ್ದಂತೆ ಮುದ್ರಣವಾಗುತ್ತದೆ. ಆದ್ದರಿಂದ ತಂತಿ ಇರುವುದನ್ನೇ ಕೊಳ್ಳುವುದೆಂದು ನಿಶ್ಚಯಿಸಿದೆ.

ತಲೆಯ ಮೇಲೆ ಕೂರುವ ದೊಡ್ಡ ಹೆಡ್‌ಫೋನ್ ಬೇಕೋ ಕಿವಿಯೊಳಗೆ ಕೂರುವ ಇಯರ್‌ಫೋನ್ ಬೇಕೋ ಎಂಬುದು ಮುಂದಿನ ಪ್ರಶ್ನೆ. ಕಿವಿಯ ನಾಳವನ್ನು ಸರಿಯಾಗಿ ಮುಚ್ಚುವ ಇಯರ್‌ಫೋನ್ ಬಹಳ ಚಿಕ್ಕ ಜಾಗದೊಳಗಿನ ಗಾಳಿಯನ್ನಷ್ಟೇ ಅಲುಗಿಸಬೇಕಾಗುವುದರಿಂದ, 10 ಮಿಲಿಮೀಟರಿನ ಒಂದೇ ಡ್ರೈವರ್ ಕೂಡ ಮಂದ್ರ ಸ್ವರಗಳನ್ನು ಆಯಾಸವಿಲ್ಲದೆ ನುಡಿಸುತ್ತದೆ. ದೊಡ್ಡ ಹೆಡ್‌ಫೋನ್‌ಗೆ ಕಮಾನು, ಮೆತ್ತೆ, ಬಟ್ಟಲು ಎಲ್ಲವೂ ಬೇಕು. ಕಡಿಮೆ ಬೆಲೆಯಲ್ಲಿ ತಯಾರಿಸುವಾಗ ಇವುಗಳ ಗುಣಮಟ್ಟ ಮೊದಲು ಇಳಿಯುತ್ತದೆ. ನನ್ನ ಬಜೆಟ್ಟಿಗೆ ಇಯರ್‌ಫೋನ್ ಸೂಕ್ತವೆನಿಸಿತು.

ಡಬ್ಬಿಯ ಮೇಲಿನ ಅಂಕಿಗಳು ಆಯ್ಕೆಗೆ ಹೆಚ್ಚು ನೆರವಾಗಲಿಲ್ಲ. 20ರಿಂದ 20,000 ಹರ್ಟ್ಜ್ ಎಂದು ಬಹುತೇಕ ಎಲ್ಲರೂ ಮುದ್ರಿಸುತ್ತಾರೆ. ಆ ವ್ಯಾಪ್ತಿಯೊಳಗೆ ಎಲ್ಲಿ ಎಷ್ಟು ಏರಿಳಿತವಿದೆ ಎಂದು ಹೇಳದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಸೆನ್ಸಿಟಿವಿಟಿಯನ್ನು, ಅಂದರೆ ಕೊಟ್ಟ ವಿದ್ಯುತ್ತಿಗೆ ಅದು ಎಷ್ಟು ಜೋರಾಗಿ ನುಡಿಯುತ್ತದೆ ಎಂಬುದನ್ನು, ಕೆಲವರು ಒಂದು ಮಿಲಿವ್ಯಾಟ್‌ಗೆ, ಕೆಲವರು ಒಂದು ವೋಲ್ಟ್‌ಗೆ ಲೆಕ್ಕ ಹಾಕಿ ಬರೆಯುತ್ತಾರೆ. 18 ಓಮ್ ಇಂಪೆಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಇರುವ ಇಯರ್‌ಫೋನ್‌ಗೆ ವೋಲ್ಟ್ ಲೆಕ್ಕದ 119 ಡೆಸಿಬೆಲ್ ಎಂದರೆ ಮಿಲಿವ್ಯಾಟ್ ಲೆಕ್ಕದಲ್ಲಿ ಸುಮಾರು 102 ಡೆಸಿಬೆಲ್. ಎರಡು ಡಬ್ಬಿಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸುವವರು ಇದನ್ನು ಗಮನಿಸಬೇಕು.

ನಿಜವಾಗಿ ನೆರವಾದದ್ದು ಫ್ರೀಕ್ವೆನ್ಸಿ ರೆಸ್ಪಾನ್ಸ್‌ನ ರೇಖೆ, ಅಂದರೆ ಯಾವ ಕಂಪನಾಂಕದ ಸ್ವರವನ್ನು ಇಯರ್‌ಫೋನ್ ಎಷ್ಟು ಜೋರಾಗಿ ನುಡಿಸುತ್ತದೆ ಎಂದು ತೋರಿಸುವ ನಕ್ಷೆ. ಅದನ್ನು ಓದಲು ಕಲಿಯುವುದಕ್ಕೆ ಎಂಜಿನಿಯರ್ ಆಗಬೇಕಾಗಿಲ್ಲ. ನಮ್ಮ ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದವಿದ್ದು, ಅದರ ಸಹಜ ಅನುರಣನ 3,000 ಹರ್ಟ್ಜ್‌ನ ಆಸುಪಾಸಿನಲ್ಲಿ ಬರುತ್ತದೆ. ಎದುರಿಗೆ ಕುಳಿತ ಗಾಯಕರ ದನಿ ನಮ್ಮ ಕಿವಿಯ ತಮಟೆಯನ್ನು ಮುಟ್ಟುವಾಗ ದನಿಯ ಆ ಕಂಪನಾಂಕದ ಭಾಗ ತಾನಾಗಿಯೇ ಜೋರಾಗಿರುತ್ತದೆ. ನಾಳವನ್ನೇ ಮುಚ್ಚಿಬಿಡುವ ಇಯರ್‌ಫೋನ್ ಆ ಏರಿಕೆಯನ್ನು ತಾನೇ ಒದಗಿಸಬೇಕು. ಅದು ಕಡಿಮೆಯಾದರೆ ಗಾಯಕರು ಬಾಗಿಲ ಹಿಂದೆ ನಿಂತು ಹಾಡಿದಂತೆ ಕೇಳಿಸುತ್ತದೆ. ಹೆಚ್ಚಾದರೆ, ಅಥವಾ ಏರಿಕೆ 5,000-6,000 ಹರ್ಟ್ಜ್‌ವರೆಗೂ ಮುಂದುವರಿದರೆ, ಹಾರ್ಮೋನಿಯಂ ಕಿರುಚತೊಡಗುತ್ತದೆ. ಕೇಳುಗರು ಯಾವ ಬಗೆಯ ರೇಖೆಯನ್ನು ಇಷ್ಟಪಡುತ್ತಾರೆ ಎಂಬುದನ್ನು ಹಾರ್ಮನ್ ಎಂಬ ಆಡಿಯೊ ಸಂಸ್ಥೆಯಲ್ಲಿ ಷಾನ್ ಆಲಿವ್ ಮತ್ತು ಅವರ ಸಹೋದ್ಯೋಗಿಗಳು ಹಲವು ವರ್ಷ ಶೋಧಿಸಿ ಒಂದು ಮಾದರಿಯನ್ನು ರೂಪಿಸಿದ್ದಾರೆ. ನಾನು ಆ ಮಾದರಿಯನ್ನು ಅಂತಿಮ ಪ್ರಮಾಣವೆಂದು ಒಪ್ಪಿದವನಲ್ಲ, ಏಕೆಂದರೆ ಅದರಲ್ಲಿರುವ ಬೇಸ್ (ಕೆಳಸ್ವರಗಳ ಬಲ) ನಮ್ಮ ಸಂಗೀತಕ್ಕೆ ತುಸು ಹೆಚ್ಚೆಂದು ನನಗೆ ಅನಿಸುತ್ತದೆ. ಆದರೂ ಅದರಿಂದ ತೀರ ದೂರ ಸರಿದಿದ್ದ ಇಯರ್‌ಫೋನ್‌ಗಳನ್ನು ಕೇಳುವ ಮೊದಲೇ ಪಟ್ಟಿಯಿಂದ ಕೈಬಿಡಲು ಸಾಧ್ಯವಾಯಿತು. ಒಂದೇ ಸಾಧನದಲ್ಲಿ ಅಳೆದ ರೇಖೆಗಳನ್ನು ಮಾತ್ರ ಪರಸ್ಪರ ಹೋಲಿಸಬೇಕು. 8,000 ಹರ್ಟ್ಜ್ ದಾಟಿದ ಮೇಲೆ ಕಾಣುವ ಸಣ್ಣಪುಟ್ಟ ಏರಿಳಿತಗಳಿಗೆ ಹೆಚ್ಚು ಅರ್ಥ ಕಟ್ಟಬಾರದು.

ಹೀಗೆ ಉಳಿದ ಕೆಲವನ್ನು ಸಂಗೀತದ ಗೆಳೆಯರಿಂದ ಎರವಲು ಪಡೆದು, ನನ್ನದೇ ರಬ್ಬರ್ ಟಿಪ್ ಹಾಕಿಕೊಂಡು ಕೇಳಿದೆ. ಎಲ್ಲಕ್ಕೂ ಮೊದಲು ಕೇಳಿದ್ದು ಬರಿಯ ತಂಬೂರಿಯನ್ನು. ಹಾರ್ಮೋನಿಯಂನ ಮೊದಲ ಕಪ್ಪು ಮನೆಯಾದ ಕಪ್ಪು ಒಂದರ ಶ್ರುತಿಯಲ್ಲಿ ಷಡ್ಜದ ಜೋಡಿ ತಂತಿಗಳು ಸುಮಾರು 139 ಹರ್ಟ್ಜ್‌ನಲ್ಲೂ ಕೆಳಷಡ್ಜ ನುಡಿಯುವ ಖರ್ಜದ ತಂತಿ ಸುಮಾರು 69 ಹರ್ಟ್ಜ್‌ನಲ್ಲೂ ಮಿಡಿಯುತ್ತವೆ. ಆದರೆ ತಂಬೂರಿಯ ಜೀವವಿರುವುದು ಮೂಲಸ್ವರದ ಮೇಲೆ ಹಲವು ಸಾವಿರ ಹರ್ಟ್ಜ್‌ವರೆಗೆ ಹಬ್ಬುವ ಉಪಸ್ವರಗಳಲ್ಲಿ. ಜವಾರಿ (ತಂತಿ ಝೇಂಕರಿಸುವಂತೆ ಮಾಡುವ ಹೊಂದಾಣಿಕೆ) ಚೆನ್ನಾಗಿ ಕೂಡಿದ ತಂಬೂರಿಯಲ್ಲಿ ಖರ್ಜ ಮಿಡಿದಾಗ ಅದರೊಳಗಿನಿಂದ ಗಾಂಧಾರ ತಾನಾಗಿ ಏಳುತ್ತದೆ. ಬೇಸ್ ಅತಿಯಾದ ಇಯರ್‌ಫೋನ್‌ನಲ್ಲಿ ಈ ಗಾಂಧಾರ ಮಸುಕಾಗುತ್ತದೆ, ಏಕೆಂದರೆ ಜೋರಾದ ಕೆಳಸ್ವರವು ತನ್ನ ಮೇಲಿನ ಮೆಲುದನಿಗಳನ್ನು ಕಿವಿಯಲ್ಲಿ ಮರೆಮಾಡುತ್ತದೆ. ನನ್ನ ಪಾಲಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೊಂದಿಲ್ಲ. ಬಳಿಕ ಗಂಗೂಬಾಯಿ ಹಾನಗಲ್ ಅವರ ಗಂಭೀರ ಕಂಠ, ಮಲ್ಲಿಕಾರ್ಜುನ ಮನ್ಸೂರ್ ಅವರ ಗಾಯನ, ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆಯ ಮೀಟುಗಳನ್ನು ಕೇಳಿದೆ. ತಬಲಾ ಜೋಡಿಯ ಎಡಗೈ ವಾದ್ಯದಲ್ಲಿ ಅಂಗೈ ಜಾರಿದಾಗ ಸ್ವರ ಏರುವುದು ಸ್ಪಷ್ಟವಾಗಿದೆಯೇ, ಬರಿಯ ‘ಧಪ್’ ಎಂಬ ಸದ್ದಷ್ಟೇ ಇದೆಯೇ. ‘ಸ’ ಮತ್ತು ‘ಶ’ ಉಚ್ಚಾರಗಳು ಕಿವಿಗೆ ಚುಚ್ಚುತ್ತವೆಯೇ. ಹಳೆಯ ಟೇಪಿನ ಹಿಸ್ ಶಬ್ದ ಹಾಡಿಗಿಂತ ಮುಂದೆ ಬರುತ್ತದೆಯೇ ಎಂದು ಒಂದೊಂದಾಗಿ ಪರಿಶೀಲಿಸಿದೆ. ಹಳೆಯ ಮುದ್ರಣಗಳಲ್ಲಿ ತೀರ ಕೆಳಗಿನ, ತೀರ ಮೇಲಿನ ಸ್ವರಗಳು ಕಡಿಮೆಯೇ ಇರುವುದರಿಂದ, ನಡುಭಾಗ ಶುದ್ಧವಾಗಿ ನುಡಿಯುವ ಇಯರ್‌ಫೋನ್ ನಮಗೆ ಎಲ್ಲಕ್ಕಿಂತ ಮುಖ್ಯ.

ಹೋಲಿಸುವಾಗ ವಾಲ್ಯೂಮ್ ಸಮವಾಗಿರುವುದು ಅತ್ಯಗತ್ಯ. ತುಸು ಜೋರಾಗಿರುವುದೇ ಉತ್ತಮವೆಂದು ನಮ್ಮ ಕಿವಿ ತೀರ್ಪು ಕೊಟ್ಟುಬಿಡುತ್ತದೆ. ವಾಲ್ಯೂಮ್ ಏರಿಳಿದಂತೆ ಬೇಸ್‌ನ ಅನುಭವವೂ ಬದಲಾಗುತ್ತದೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ನಾನು ತಂಬೂರಿಯ ಜೋಡಿ ತಂತಿಗಳ ಷಡ್ಜ ಹೋಲಿಸುವ ಎರಡೂ ಇಯರ್‌ಫೋನ್‌ಗಳಲ್ಲಿ ಒಂದೇ ಮಟ್ಟದಲ್ಲಿ ಕೇಳಿಸುವಂತೆ ವಾಲ್ಯೂಮ್ ಹೊಂದಿಸಿಕೊಂಡ ಮೇಲಷ್ಟೇ ಹಾಡು ಹಚ್ಚುತ್ತಿದ್ದೆ.

ಟಿಪ್‌ನ ಗಾತ್ರ ಸರಿಹೊಂದದೆ ನಾಳ ಪೂರ್ತಿ ಮುಚ್ಚದಿದ್ದರೆ ಮಂದ್ರವೆಲ್ಲ ಸೋರಿಹೋಗಿ, ಒಳ್ಳೆಯ ಇಯರ್‌ಫೋನ್ ಕೂಡ ತೆಳುವಾಗಿ, ಕರ್ಕಶವಾಗಿ ಕೇಳಿಸುತ್ತದೆ. ಬೇಸ್ ಇಲ್ಲವೆಂದು ದೂರುವವರಲ್ಲಿ ಬಹಳಷ್ಟು ಮಂದಿಗೆ ಬೇಕಾದದ್ದು ಹೊಸ ಇಯರ್‌ಫೋನ್ ಅಲ್ಲ, ಬೇರೆ ಗಾತ್ರದ ಟಿಪ್ ಎಂದು ನನ್ನ ನಂಬಿಕೆ. ಎರಡು ಕಿವಿಗಳ ಅಳತೆ ಒಂದೇ ಇರಬೇಕೆಂದಿಲ್ಲ. ನನ್ನ ಬಲಗಿವಿಗೆ ಮಧ್ಯಮ, ಎಡಗಿವಿಗೆ ದೊಡ್ಡ ಟಿಪ್ ಸರಿಹೋಯಿತು. ಖರ್ಜದ ತಂತಿ ಎರಡೂ ಕಡೆ ಸಮನಾಗಿ ತುಂಬಿ ಬಂದು ತಲೆಯ ನಡುವೆ ನಿಂತರೆ ಟಿಪ್ ಸರಿಯಾಗಿ ಕೂತಿದೆ ಎಂದರ್ಥ.

ಕೊನೆಗೆ ನಾನು ಕೊಂಡದ್ದು ಮೂನ್‌ಡ್ರಾಪ್ ಕಂಪನಿಯ ಚೂ 2 ಎಂಬ ಇಯರ್‌ಫೋನ್. ಬೆಲೆ ನನ್ನ ಮಿತಿಯೊಳಗೇ ಇತ್ತು. ಇದರ ಕೇಬಲ್ ಬಿಚ್ಚಿ ಬದಲಿಸಬಹುದಾದದ್ದು. ಸಾಮಾನ್ಯವಾಗಿ ಮೊದಲು ಕೆಡುವುದು ಕೇಬಲ್ಲೇ ಆದ್ದರಿಂದ, ಹಣ ನೋಡಿ ಖರ್ಚು ಮಾಡುವವರು ಈ ಸೌಲಭ್ಯವನ್ನು ಬಿಡಬಾರದು. ತಂಬೂರಿಯ ಗಾಂಧಾರ ಇದರಲ್ಲಿ ನಿಚ್ಚಳವಾಗಿ ಕೇಳಿಸುತ್ತದೆ, ಕಂಠ ಮುಂದಿರುತ್ತದೆ. ನನಗೆ ಬೇಸ್ ಅಲ್ಪ ಹೆಚ್ಚೆನಿಸಿದ್ದರಿಂದ, ಸ್ವರಭಾಗಗಳ ಮಟ್ಟವನ್ನು ಏರಿಳಿಸುವ ಈಕ್ವಲೈಜರ್‌ನಲ್ಲಿ 100 ಹರ್ಟ್ಜ್‌ನ ಕೆಳಗೆ ಎರಡು ಡೆಸಿಬೆಲ್ ಇಳಿಸಿಕೊಂಡೆ. ಆಂಡ್ರಾಯ್ಡ್ ಮೊಬೈಲಿನಲ್ಲಿ ವೇವ್‌ಲೆಟ್, ವಿಂಡೋಸ್‌ನಲ್ಲಿ ಈಕ್ವಲೈಜರ್ ಎಪಿಓ ಈ ಕೆಲಸ ಮಾಡುತ್ತವೆ. ಏರಿಸುವುದಕ್ಕಿಂತ ಇಳಿಸುವುದು ಕ್ಷೇಮ. ಏರಿಸಲೇಬೇಕಾದರೆ ಒಟ್ಟು ಮಟ್ಟವನ್ನು ಅಷ್ಟೇ ತಗ್ಗಿಸಬೇಕು, ಇಲ್ಲವಾದರೆ ತಾರಸ್ಥಾಯಿಯ ಜೋರಾದ ತಾನುಗಳಲ್ಲಿ ದನಿ ಒಡೆಯುತ್ತದೆ.

ಹೆಡ್‌ಫೋನ್ ಜ್ಯಾಕ್ ಇಲ್ಲದ ಮೊಬೈಲ್ ಇರುವವರು ಯುಎಸ್‌ಬಿ-ಸಿ ಡಾಂಗಲ್‌ನ ಬೆಲೆಯನ್ನೂ ಬಜೆಟ್ಟಿನಲ್ಲಿ ಮೊದಲೇ ಸೇರಿಸಿಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು ವಾರಕ್ಕೆ 40 ಗಂಟೆ ಕೇಳುವುದಾದರೆ ಮಟ್ಟ 80 ಡೆಸಿಬೆಲ್ ಮೀರಬಾರದು. ಕಿವಿಯನ್ನೇ ನಂಬಿ ಶ್ರುತಿ ಸೇರಿಸುವ ನಾವು ಇದಕ್ಕಿಂತ ಇನ್ನೂ ಕೆಳಗಿರುವುದು ಒಳ್ಳೆಯದು. ದೀರ್ಘವಾಗಿ ಕೇಳಿದ ಮೇಲೆ ಕಿವಿಯ ತೇವ ಜಾಲರಿಯ ಮೇಲೆ ಕೂತು ಒಂದು ಕಡೆಯ ಸದ್ದು ಕುಗ್ಗುವುದುಂಟು. ಟಿಪ್ ತೆಗೆದು, ಒಣ ಬಟ್ಟೆಯಿಂದ ಒರೆಸಿ, ಸಿಲಿಕಾ ಜೆಲ್ ಪೊಟ್ಟಣವಿರುವ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟರೆ ಸಾಮಾನ್ಯವಾಗಿ ಅದು ಮೊದಲಿನ ಮಟ್ಟಕ್ಕೆ ಬರುತ್ತದೆ.